ಅಂಗಳದ ಟೈಲ್ಸ್ ಕುಸಿದರೆ ಯಾರು ಹೊಣೆ?

ಸುಗ್ಗಿ ಮುಗಿದು ಮದುವೆ, ಗೃಹಪ್ರವೇಶಗಳ ಕಾಲ ಬಂತೆಂದರೆ ನಾಗಮಂಗಲ, ಕೆ.ಆರ್.ಪೇಟೆ ಸೀಮೆಯ ಊರುಗಳಲ್ಲಿ ಮನೆ ಮುಂದಿನ ಅಂಗಳಕ್ಕೆ ಇಂಟರ್‌ಲಾಕ್ ಟೈಲ್ಸ್ ಹಾಕಿಸುವ ಕೆಲಸ ಜೋರಾಗುತ್ತದೆ. ಬೇಸಿಗೆಯ ಧೂಳಿಗೂ ಮಳೆಗಾಲದ ಕೆಸರಿಗೂ ಅದೇ ಪರಿಹಾರ. ಒಣಗಿ ಬಿಗಿದ ನೆಲದ ಮೇಲೆ ಹಾಸಿದ ಹೊಸದರಲ್ಲಿ ಯಾರ ಕೆಲಸವೂ ಚೆನ್ನಾಗಿಯೇ ಕಾಣುತ್ತದೆ. ಆದರೆ ಮಂಡ್ಯ ಜಿಲ್ಲೆಯಲ್ಲಿ ಜೋರು ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಗೇಟಿನ ಬಳಿ ಟ್ರ್ಯಾಕ್ಟರ್ ಚಕ್ರದ ಜಾಡಿನಲ್ಲಿ ಹಳ್ಳ ಬೀಳುವುದು, ನೀರು ಹೊರಕ್ಕೆ ಹರಿಯದೆ ಬಾಗಿಲ ಕಡೆಗೆ ತಿರುಗುವುದು ಆಗಲೇ. ಅಷ್ಟರಲ್ಲಿ ಕಂಟ್ರಾಕ್ಟರ್ ಪೂರ್ತಿ ಹಣ ಪಡೆದು ಆರು ತಿಂಗಳಾಗಿರುತ್ತದೆ.

ಆದ್ದರಿಂದ ಈ ಕೆಲಸದಲ್ಲಿ ಕಾನೂನಿನ ರಕ್ಷಣೆ ಶುರುವಾಗುವುದು ಗ್ರಾಹಕರ ಆಯೋಗದಲ್ಲಲ್ಲ, ಅಡ್ವಾನ್ಸ್ ಕೊಡುವ ದಿನ. ಟೈಲ್ಸ್ ಕುಸಿಯುವುದು ಸಾಮಾನ್ಯವಾಗಿ ಅದರ ಅಡಿಯಲ್ಲಿ ಏನಿದೆ, ಏನಿಲ್ಲ ಎಂಬುದರಿಂದ. ಅದು ಒಮ್ಮೆ ಮುಚ್ಚಿಹೋದರೆ ಮತ್ತೆ ಕಣ್ಣಿಗೆ ಬೀಳುವುದಿಲ್ಲ. ಕಣ್ಣಿಗೆ ಬೀಳದ್ದನ್ನು ಕಾಗದದಲ್ಲಿ ಬರೆಸಿಕೊಂಡಿರಬೇಕು.

‘ಚದರ ಅಡಿಗೆ ಇಷ್ಟು’ ಎಂದಷ್ಟೇ ಬರೆದ ಚೀಟಿಯಿಂದ ಹೆಚ್ಚು ಪ್ರಯೋಜನವಿಲ್ಲ. ಮಣ್ಣು ಎಷ್ಟು ಆಳ ತೆಗೆಯುತ್ತಾರೆ, ಜಲ್ಲಿ ಎಷ್ಟು ಇಂಚು ಹಾಕಿ ಯಾವ ಯಂತ್ರದಿಂದ ಅದುಮುತ್ತಾರೆ, ಮಳೆ ನೀರು ಯಾವ ದಿಕ್ಕಿಗೆ ಹರಿಯಬೇಕು, ಅಂಚಿಗೆ ಕರ್ಬ್ ಕಲ್ಲು ಉಂಟೋ ಇಲ್ಲವೋ ಎಂಬುದೆಲ್ಲ ಅದರಲ್ಲಿರಬೇಕು. ಟೈಲ್ಸ್‌ಗೆ ಭಾರತೀಯ ಮಾನಕ ಬ್ಯೂರೊದ ಐಎಸ್ 15658 ಎಂಬ ಮಾನದಂಡವಿದೆ. ಅದಕ್ಕೆ ಹೊಂದುವ ಮಾಲು ಎಂದು ಬರೆಸಿ, ದಪ್ಪವನ್ನೂ ನಮೂದಿಸಿ. ಜನ ಓಡಾಡುವ ಕಾಲುದಾರಿಗೆ 60 ಮಿ.ಮೀ. ಸಾಕಾಗುತ್ತದೆ. ಟ್ರ್ಯಾಕ್ಟರ್ ಒಳಗೆ ಬರುವ ಅಂಗಳಕ್ಕೆ 80 ಮಿ.ಮೀ. ಕೇಳಿ. ಟೈಲ್ಸ್‌ನ ಕೆಳಗೆ ಹಾಸುವ ಮರಳು ಅಥವಾ ಜಲ್ಲಿಪುಡಿ ಸುಮಾರು 20ರಿಂದ 40 ಮಿ.ಮೀ. ಇದ್ದರೆ ಸರಿ. ತಗ್ಗನ್ನೆಲ್ಲ ಪುಡಿಯಿಂದಲೇ ತುಂಬಿ ಮಟ್ಟ ಮಾಡಿದರೆ ಮೊದಲ ಮಳೆಗೇ ಅದು ಇಳಿಯುತ್ತದೆ. ನಾಲೆ ನೀರಿನ ಪಾಂಡವಪುರ, ಶ್ರೀರಂಗಪಟ್ಟಣದ ಕಡೆ ಗದ್ದೆಗೆ ಅಂಟಿಕೊಂಡ ಮನೆಗಳ ನೆಲ ಸದಾ ತೇವ ಹಿಡಿದಿರುತ್ತದೆ. ಅಲ್ಲಿಗೆ ನಾಗಮಂಗಲದ ಒಣ ಕೆಂಪುನೆಲದ ಲೆಕ್ಕ ಸಾಲದು.

ಹಣವನ್ನು ಹಂತ ಹಂತವಾಗಿ ಕೊಡಿ. ಜಲ್ಲಿ ಅದುಮಿದ ಮೇಲೆ, ಟೈಲ್ಸ್ ಹಾಸುವ ಮೊದಲು ಟೇಪು ಹಿಡಿದು ಆಳ ತೋರುವ ಫೋಟೊ ತೆಗೆದು, ಆಮೇಲೆ ಎರಡನೆಯ ಕಂತು ಕೊಡಿ. ನೂರಕ್ಕೆ ಹತ್ತರಷ್ಟನ್ನು ದೀಪಾವಳಿಯವರೆಗೆ ಹಿಡಿದಿಡುವುದಾಗಿ ಮೊದಲೇ ಒಪ್ಪಂದದಲ್ಲಿ ಬರೆಯಿರಿ. ಆ ವರ್ಷದ ಜೋರು ಮಳೆಯಲ್ಲಿ ಕೆಲಸದ ಪರೀಕ್ಷೆ ಆಗಿರುತ್ತದೆ. ಮೊದಲು ಬರೆಯದೆ ಕೊನೆಗೆ ಹಣ ಹಿಡಿದರೆ ಅದು ಹಕ್ಕಲ್ಲ, ಬಾಕಿ.

ಛಾಪಾ ಕಾಗದದಲ್ಲಿ ಇಲ್ಲದ ಮಾತಿಗೆ ಬೆಲೆಯೇ ಇಲ್ಲ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಇಂಥ ಕೆಲಸದ ಮಟ್ಟಿಗೆ ಅದು ನಿಜವಲ್ಲ. 1872ರ ಭಾರತೀಯ ಕರಾರು ಕಾಯ್ದೆಯಂತೆ ಬಾಯಿಮಾತಿನ ಕರಾರೂ ಕರಾರೇ. ಕಷ್ಟವಿರುವುದು ಸಾಬೀತುಪಡಿಸುವುದರಲ್ಲಿ. ಛಾಪಾ ಕಾಗದದ ಒಪ್ಪಂದ ಒಳ್ಳೆಯದೇ. ಅದು ಆಗದಿದ್ದರೆ ಸಹಿ ಮಾಡಿದ ಕೊಟೇಶನ್, ಫೋನ್‌ಪೇ ಅಥವಾ ಬ್ಯಾಂಕ್ ಪಾವತಿ, ವಾಟ್ಸಾಪ್ ಮಾತುಕತೆ ಇವೆಲ್ಲ ಕೆಲಸಕ್ಕೆ ಬರುತ್ತವೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಮೊಬೈಲಿನ ದಾಖಲೆಗಳನ್ನು ಪ್ರಮಾಣಪತ್ರದೊಂದಿಗೆ ಹಾಜರುಪಡಿಸಲು ಅವಕಾಶ ಕೊಟ್ಟಿದೆ. ಹಾಗಾಗಿ ಹಳೆಯ ಫೋನನ್ನು ಮಾರುವ ಮುನ್ನ ಯೋಚಿಸಿ.

ಈಗ ಹೆಚ್ಚಿನವರು ಎಡವುವ ಜಾಗಕ್ಕೆ ಬರೋಣ. ಕೆಲಸವನ್ನು ಗುತ್ತಿಗೆಗೆ ಕೊಟ್ಟಿದ್ದೀರೋ, ದಿನಗೂಲಿಗೆ ಮಾಡಿಸಿದ್ದೀರೋ ಎಂಬುದರ ಮೇಲೆ ನಿಮ್ಮ ಹಕ್ಕು ನಿಂತಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ‘ಸೇವೆ’ಯಲ್ಲಿ ಮನೆ ನಿರ್ಮಾಣವೂ ಸೇರಿದೆ. 1993ರಲ್ಲೇ ಸುಪ್ರೀಂ ಕೋರ್ಟ್ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಈ ದಾರಿಯನ್ನು ಗಟ್ಟಿ ಮಾಡಿತು. ಆದರೆ ಯಜಮಾನ ಮತ್ತು ಆಳಿನ ಸಂಬಂಧದಲ್ಲಿ, ಒಬ್ಬರ ಅಪ್ಪಣೆಯಂತೆ ಇನ್ನೊಬ್ಬರು ಮಾಡುವ ದುಡಿಮೆ ಆ ವ್ಯಾಖ್ಯೆಯಿಂದ ಹೊರಗಿದೆ. ಒಟ್ಟು ಕೆಲಸವನ್ನು ದರ ಮಾತಾಡಿ ಕಂಟ್ರಾಕ್ಟರ್‌ಗೆ ವಹಿಸಿದ್ದರೆ ನೀವು ಗ್ರಾಹಕರು. ನೀವೇ ಟೈಲ್ಸ್, ಜಲ್ಲಿ ತರಿಸಿ, ನಾಲ್ಕು ಜನರನ್ನು ದಿನಗೂಲಿಗೆ ಕರೆದು, ನಿಂತು ಹೇಳಿ ಮಾಡಿಸಿದ್ದರೆ ಅವರ ಮೇಲೆ ಗ್ರಾಹಕರ ಆಯೋಗದಲ್ಲಿ ದೂರು ನಿಲ್ಲುವುದು ಕಷ್ಟ. ಆಗಲೂ ಕಳಪೆ ಟೈಲ್ಸ್ ಮಾರಿದ ಅಂಗಡಿ ಅಥವಾ ಕಾರ್ಖಾನೆಯ ಮೇಲೆ ದೂರು ಕೊಡಬಹುದು. ಅದಕ್ಕೆ ಬಿಲ್ಲು ಬೇಕು. ತೆರಿಗೆ ಉಳಿಸಲು ಬಿಲ್ಲಿಲ್ಲದೆ ಮಾಲು ತಂದವರು ತಮ್ಮ ಕೈಯನ್ನು ತಾವೇ ಕಟ್ಟಿಕೊಂಡಂತೆ.

ಲಾಭಕ್ಕಾಗಿ ನಡೆಸುವ ಕಲ್ಯಾಣ ಮಂಟಪ, ರೆಸಾರ್ಟುಗಳ ಅಂಗಳದ ಕೆಲಸಕ್ಕೆ ವಾಣಿಜ್ಯ ಉದ್ದೇಶದ ಆಕ್ಷೇಪ ಏಳುತ್ತದೆ. ಅಂಥವರಿಗೆ ಸಿವಿಲ್ ನ್ಯಾಯಾಲಯವೇ ದಾರಿ.

ಕೆಲಸಕ್ಕೆ ಮುನ್ನ ನೋಡಿಕೊಳ್ಳಬೇಕಾದ ಇನ್ನೊಂದು ವಿಷಯ ಈ ತಾಲ್ಲೂಕುಗಳಿಗೆ ವಿಶೇಷವಾಗಿ ತಾಕುತ್ತದೆ. ಶ್ರೀರಂಗಪಟ್ಟಣದ ದರಿಯಾ ದೌಲತ್, ಗುಂಬಜ್, ಕೆ.ಆರ್.ಪೇಟೆ ತಾಲ್ಲೂಕಿನ ಹೊಸಹೊಳಲು, ಕಿಕ್ಕೇರಿಯ ಹೊಯ್ಸಳ ಗುಡಿಗಳು, ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿ ಬಸದಿ ಕೇಂದ್ರ ಸರ್ಕಾರ ರಕ್ಷಿಸುವ ಸ್ಮಾರಕಗಳು. ಸ್ಮಾರಕ ರಕ್ಷಣೆಯ 1958ರ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯಂತೆ ಇಂಥ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗೆ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸ ನಿರ್ಮಾಣ ಕೂಡದು, ದುರಸ್ತಿಗೂ ಸಕ್ಷಮ ಪ್ರಾಧಿಕಾರದ ಅನುಮತಿ ಬೇಕು. ತಪ್ಪಿದರೆ 2 ವರ್ಷದವರೆಗೆ ಸೆರೆ, 1 ಲಕ್ಷದವರೆಗೆ ದಂಡ ಅಥವಾ ಎರಡೂ. ಅಂಗಳಕ್ಕೆ ಟೈಲ್ಸ್ ಹಾಸುವುದು ನಿರ್ಮಾಣವೋ ಅಲ್ಲವೋ ಎಂಬುದನ್ನು ಕಂಟ್ರಾಕ್ಟರ್ ಮಾತಿನ ಮೇಲೆ ತೀರ್ಮಾನಿಸಬೇಡಿ. ಟೈಲ್ಸ್ ಜೊತೆಗೆ ಕಾಂಪೌಂಡೋ ಶೀಟಿನ ಚಾವಣಿಯೋ ಸೇರಿದರೆ ಸಂಶಯಕ್ಕೆ ಎಡೆಯೇ ಇಲ್ಲ. ಅರ್ಜಿ ಕೊಟ್ಟು ಲಿಖಿತ ಉತ್ತರ ಪಡೆಯಿರಿ.

ಕೆಲಸ ಕೆಟ್ಟಿತು ಎನ್ನೋಣ. ಸಿಟ್ಟಿನಲ್ಲಿ ಕಿತ್ತು ಬೇರೆಯವರಿಂದ ಹಾಕಿಸಬೇಡಿ, ಸಾಕ್ಷಿ ಹೋಗುತ್ತದೆ. ಮೊದಲು ದಿನಾಂಕವಿರುವ ಫೋಟೊ ತೆಗೆಯಿರಿ. ಆಮೇಲೆ ಸಿವಿಲ್ ಎಂಜಿನಿಯರ್ ಒಬ್ಬರಿಂದ ಎರಡು ಕಡೆ ಬಿಚ್ಚಿಸಿ, ಕೆಳಗಿನ ಪದರ ಅಳೆಸಿ, ಸಹಿ ಮಾಡಿದ ವರದಿ ಪಡೆಯಿರಿ. ಬಿಚ್ಚುವ ದಿನವನ್ನು ಕಂಟ್ರಾಕ್ಟರ್‌ಗೆ ಮುಂಚೆ ತಿಳಿಸಿದ್ದರೆ ವರದಿಯ ತೂಕ ಹೆಚ್ಚುತ್ತದೆ. ನಂತರ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಿ, ಇಂತಿಷ್ಟು ದಿನದೊಳಗೆ ಸರಿಪಡಿಸಿ ಎಂದು ಕೇಳಿ. ಕನ್ನಡದಲ್ಲಿ ನೀವೇ ಬರೆದರೂ ಆದೀತು. 1915ಕ್ಕೆ ಕರೆ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಲಹೆ ಕೊಡುತ್ತದೆ.

ಅಷ್ಟಕ್ಕೂ ಜಗ್ಗದಿದ್ದರೆ ಮಂಡ್ಯದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋಗಿ. ಕಂಟ್ರಾಕ್ಟರ್ ಮೈಸೂರಿನವರೋ ಬೆಂಗಳೂರಿನವರೋ ಆಗಿದ್ದರೂ, ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಲು ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಂ ಅವಕಾಶ ಕೊಟ್ಟಿದೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದೂ ಇಲ್ಲ. ಇ-ಜಾಗೃತಿ ಜಾಲತಾಣದಲ್ಲೂ ದೂರು ಸಲ್ಲಿಸಬಹುದು. ಗಡುವು, ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷ. ‘ಮುಂದಿನ ತಿಂಗಳು ಬರ್ತೀನಿ’ ಎಂಬ ಮಾತನ್ನು ನಂಬಿ ಕೂತವರಿಗೆ ಆ ಗಡುವು ತಾನಾಗಿ ಬೆಳೆಯುವುದಿಲ್ಲ. ಎದುರುದಾರರು 30 ದಿನದಲ್ಲಿ, ಹೆಚ್ಚೆಂದರೆ 45 ದಿನದಲ್ಲಿ ಉತ್ತರ ಕೊಡಬೇಕು. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದಕ್ಕಿಂತ ಹೆಚ್ಚು ಸಮಯ ಕೊಡುವಂತಿಲ್ಲ ಎಂದು ಹೇಳಿತು. ಟೈಲ್ಸ್ ಗಟ್ಟಿತನದ ಬಗ್ಗೆ ತಕರಾರಿದ್ದರೆ ಆಯೋಗ ಪ್ರಯೋಗಾಲಯಕ್ಕೆ ಕಳಿಸಬಹುದು. ಅದಕ್ಕೆಂದು ಹಾಕದೆ ಉಳಿದ ಕೆಲವು ಟೈಲ್ಸ್ ಜೋಪಾನವಾಗಿಡಿ. ಪರೀಕ್ಷೆಯ ಶುಲ್ಕ ನಿಮ್ಮ ಮೇಲೆ ಬೀಳುತ್ತದೆ.

ಪೊಲೀಸ್ ಠಾಣೆಗೆ ಹೋಗುವವರಿಗೆ ಒಂದು ಮಾತು. ಕೆಲಸ ಕೆಟ್ಟಿತು, ಅರ್ಧಕ್ಕೆ ನಿಂತಿತು ಎಂದ ಮಾತ್ರಕ್ಕೆ ಅದು ವಂಚನೆಯ ಅಪರಾಧವಾಗದು. ಹಣ ಪಡೆಯುವಾಗಲೇ ಮೋಸದ ಉದ್ದೇಶವಿತ್ತು ಎಂದು ತೋರಿಸಬೇಕು. ಅದಕ್ಕಿಂತ ಬೇಗ ಮುಗಿಯುವ ದಾರಿ ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಇರುವ ಕಾನೂನು ಸೇವಾ ಸಮಿತಿ. ಮೊಕದ್ದಮೆ ಹೂಡುವ ಮುಂಚೆಯೇ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳಬಹುದು. ಆ ರಾಜಿಗೆ ಡಿಕ್ರಿಯ ಬಲವಿದೆ, ಮೇಲ್ಮನವಿ ಇಲ್ಲ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. ಸಹಾಯವಾಣಿ 15100.

ಇದೇ ಬಾಗಿಲು ಕಂಟ್ರಾಕ್ಟರ್, ಮೇಸ್ತ್ರಿಗಳಿಗೂ ತೆರೆದಿದೆ. ಸರಿಯಾಗಿ ಮುಗಿಸಿದ ಕೆಲಸದ ಹಣವನ್ನು ಮನೆಯವರು ಸತಾಯಿಸಿದರೆ 3 ವರ್ಷದೊಳಗೆ ಸಿವಿಲ್ ದಾವೆ ಹೂಡಬಹುದು. ಜಗಳವಾಯಿತೆಂದು ಅವರ ಯಂತ್ರ, ಸಲಕರಣೆಗಳನ್ನು ಅಂಗಳದಲ್ಲಿ ಕೂಡಿಹಾಕುವ ಹಕ್ಕು ಮನೆಯವರಿಗಿಲ್ಲ. ಕಂಟ್ರಾಕ್ಟರ್ ಜೊತೆಗಿನ ತಕರಾರಿಗೆ ಬಿಸಿಲಲ್ಲಿ ಕಲ್ಲು ಹೊತ್ತ ಕೂಲಿಯವರ ಆ ದಿನದ ಹಣ ನಿಲ್ಲದಂತೆ ನೋಡಿಕೊಳ್ಳಿ.

ಜಿಲ್ಲಾ ಗ್ರಾಹಕರ ಆಯೋಗದ ಆದೇಶ ನಿಮ್ಮ ವಿರುದ್ಧ ಬಂದರೆ 45 ದಿನದಲ್ಲಿ ರಾಜ್ಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಿ. ನಿಮ್ಮ ಪರ ಬಂದೂ ಕಂಟ್ರಾಕ್ಟರ್ ಪಾಲಿಸದಿದ್ದರೆ ಜಾರಿ ಅರ್ಜಿ ಹಾಕಿ. ಗ್ರಾಹಕ ಸಂರಕ್ಷಣಾ ಕಾಯ್ದೆಯ 72ನೇ ಕಲಮಿನಡಿ ಕನಿಷ್ಠ 1 ತಿಂಗಳಿಂದ 3 ವರ್ಷದವರೆಗೆ ಸೆರೆ ಅಥವಾ 25 ಸಾವಿರದಿಂದ 1 ಲಕ್ಷದವರೆಗೆ ದಂಡ ಅಥವಾ ಎರಡನ್ನೂ ವಿಧಿಸುವ ಅಧಿಕಾರ ಆಯೋಗಕ್ಕಿದೆ.