ಗೋಡೆಯನ್ನೇರಿದ ಅಜ್ಟೆಕ್ ಚಿತ್ರಗಳು

ನಮ್ಮ ಮನೆಗಳ ಗೋಡೆಯ ಮೇಲೆ ದೇವರ ಪಟ, ಹಿರಿಯರ ಭಾವಚಿತ್ರ, ವರ್ಷದ ಕ್ಯಾಲೆಂಡರು ಇವುಗಳಿಗೆ ನಿಯತವಾದ ಸ್ಥಾನವುಂಟು. ಪಟದಲ್ಲಿರುವವರು ಯಾರು, ಅದನ್ನು ಏಕೆ ತೂಗುಹಾಕಿದ್ದೇವೆ ಎಂಬುದು ಮನೆಯ ಮಕ್ಕಳಿಗೂ ತಿಳಿದಿರುತ್ತದೆ. ದೂರದೇಶದ ಜನರ ಪೂಜಾವಿಧಿಯ ಚಿತ್ರವು ಅಲಂಕಾರಕ್ಕಾಗಿ ಗೋಡೆಯನ್ನೇರಿದಾಗ ಈ ತಿಳಿವಳಿಕೆ ಬಹುಮಟ್ಟಿಗೆ ಕಳೆದುಹೋಗುತ್ತದೆ. ಮೆಕ್ಸಿಕೋ ದೇಶದ ಅಜ್ಟೆಕರ ಚಿತ್ರಗಳೇ ಇದಕ್ಕೆ ನಿದರ್ಶನ. ಅವರ ಸೂರ್ಯಶಿಲೆ, ನರಬಲಿ ಮುಂತಾದವುಗಳ ಚಿತ್ರಗಳು ಅಚ್ಚಾಗಿ ಇಂದು ಅನೇಕ ದೇಶಗಳ ಗೋಡೆಗಳನ್ನು ಸೇರಿವೆ. ಇಂತಹ ಚಿತ್ರವನ್ನು ಕಂಡಾಗ ನಾವು ಮೂರು ಪ್ರಶ್ನೆಗಳನ್ನು ಕೇಳಬೇಕು. ಇದನ್ನು ಮಾಡಿದವರಾರು? ಯಾವಾಗ? ಯಾರಿಗಾಗಿ?

ಮೊದಲು ಆ ಜನರ ವಿಷಯವಾಗಿ ಎರಡು ಮಾತು. ಅಜ್ಟೆಕರು ತಮ್ಮನ್ನು ಮೆಶಿಕರೆಂದು ಕರೆದುಕೊಳ್ಳುತ್ತಿದ್ದರು. ಅವರ ಭಾಷೆ ನಾವಾತ್ಲ್. ಸರೋವರದ ನಡುವಣ ದ್ವೀಪದಲ್ಲಿ 1325ರಲ್ಲಿ ಅವರು ತೆನೋಚ್‌ತಿತ್ಲಾನ್ ನಗರವನ್ನು ಕಟ್ಟಿದರೆಂಬುದು ಸಂಪ್ರದಾಯ. 1521ರ ಆಗಸ್ಟ್ 13ರಂದು ಆ ನಗರವು ಕೊರ್ತೆಸನ ಸ್ಪ್ಯಾನಿಷ್ ಸೈನ್ಯಕ್ಕೂ ಅದರೊಡನೆ ಸೇರಿದ ಸ್ಥಳೀಯ ರಾಜ್ಯಗಳಿಗೂ ವಶವಾಯಿತು. ಈಗಿನ ಮೆಕ್ಸಿಕೋ ನಗರವು ಅದರ ಅವಶೇಷಗಳ ಮೇಲೆಯೇ ನಿಂತಿದೆ.

ಹಿಂದೆ ನಾಲ್ಕು ಸೂರ್ಯರೂ ನಾಲ್ಕು ಜಗತ್ತುಗಳೂ ಅಳಿದುಹೋದುವು, ಈಗಿನದು ಐದನೆಯದು ಎಂದು ಅವರು ನಂಬಿದ್ದರು. ದೇವತೆಗಳು ತಮ್ಮನ್ನೇ ಅರ್ಪಿಸಿಕೊಂಡು ಈ ಸೂರ್ಯನಿಗೆ ಚಲನೆಯನ್ನಿತ್ತರು. ಆ ಋಣವನ್ನು ಮನುಷ್ಯರು ತೀರಿಸುತ್ತಿರಬೇಕು. ಅದಕ್ಕಾಗಿ ಧೂಪ, ಹೂ, ಹಕ್ಕಿಗಳು, ತಮ್ಮದೇ ಕಿವಿ ನಾಲಗೆಗಳಿಂದ ತೆಗೆದ ರಕ್ತ, ಕೊನೆಗೆ ನರಬಲಿ. ಮೆಕ್ಸಿಕೋ ನಗರದ ಮಹಾದೇವಾಲಯದ ಬಳಿ 2015ರಲ್ಲಿ ತಲೆಬುರುಡೆಗಳಿಂದ ಕಟ್ಟಿದ ದುಂಡನೆಯ ಗೋಪುರವೊಂದು ಭೂಗರ್ಭದಲ್ಲಿ ದೊರೆಯಿತು. 2020ರ ಹೊತ್ತಿಗೆ ಅಲ್ಲಿ 600ಕ್ಕೂ ಹೆಚ್ಚು ಬುರುಡೆಗಳನ್ನು ಎಣಿಸಲಾಗಿತ್ತು. ಸ್ತ್ರೀಯರವೂ ಮಕ್ಕಳವೂ ಅವುಗಳಲ್ಲಿದ್ದುವು. ಆದುದರಿಂದ ನರಬಲಿಯು ಕಟ್ಟುಕಥೆಯಲ್ಲ. ಅದನ್ನು ಮರೆಮಾಚುವುದು ಸಲ್ಲದು. ಅದೊಂದರಿಂದಲೇ ಒಂದು ಜನಾಂಗವನ್ನು ಅಳೆಯುವುದೂ ಸಲ್ಲದು.

ಇನ್ನು ಚಿತ್ರಗಳಿಗೆ ಬರೋಣ. ಎಲ್ಲಕ್ಕಿಂತ ಪ್ರಸಿದ್ಧವಾದುದು ಸೂರ್ಯಶಿಲೆ. ಇದರ ವ್ಯಾಸ ಸುಮಾರು 3.6 ಮೀಟರು, ತೂಕ ಸುಮಾರು 24 ಟನ್ನು. ನಡುವೆ ಚೂರಿಯಂತಹ ನಾಲಗೆಯನ್ನು ಚಾಚಿದ ಮುಖ. ಸುತ್ತಲಿನ ನಾಲ್ಕು ಚೌಕಗಳಲ್ಲಿ ಅಳಿದುಹೋದ ನಾಲ್ಕು ಜಗತ್ತುಗಳ ಗುರುತು. ಅದರಾಚೆಯ ಬಳೆಯಲ್ಲಿ 20 ದಿನಗಳ ಚಿಹ್ನೆಗಳು. 1790ರ ಡಿಸೆಂಬರ್ 17ರಂದು ನಗರದ ಮುಖ್ಯ ಚೌಕದಲ್ಲಿ ನೆಲವನ್ನು ಸಮಮಾಡುತ್ತಿದ್ದಾಗ ಇದು ಹೊರಬಿತ್ತು. ಅನಂತರ ಇದನ್ನು ಪ್ರಧಾನ ಚರ್ಚಿನ ಗೋಪುರದ ಹೊರಗೋಡೆಗೆ ಒರಗಿಸಿ ನಿಲ್ಲಿಸಿದರು. 1885ರಲ್ಲಿ ವಸ್ತುಸಂಗ್ರಹಾಲಯಕ್ಕೆ ಸಾಗಿಸಿದರು. ಈಗ ರಾಷ್ಟ್ರೀಯ ಮಾನವಶಾಸ್ತ್ರ ಸಂಗ್ರಹಾಲಯದಲ್ಲಿದೆ. ಮೂಲದಲ್ಲಿ ಈ ಶಿಲೆಯು ಆಕಾಶಕ್ಕೆ ಮುಖಮಾಡಿ ಮಲಗಿದ್ದ ವೇದಿಕೆಯಾಗಿತ್ತೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಹಾಗಾದರೆ ಇದನ್ನು ಗೋಡೆಯ ಚಿತ್ರವನ್ನಾಗಿ ಮಾಡಿದವರು ಅಜ್ಟೆಕರಲ್ಲ, ಅವರ ಬಳಿಕ ಬಂದವರು.

ಎರಡನೆಯದು ನರಬಲಿಯ ಚಿತ್ರ. ದೇಗುಲದ ಮೆಟ್ಟಿಲ ಮೇಲೆ ಅರ್ಚಕನು ಬಲಿಯನ್ನರ್ಪಿಸುವ ಈ ಚಿತ್ರವು ಇಟಲಿಯ ಫ್ಲಾರೆನ್ಸ್ ನಗರದಲ್ಲಿರುವ ಮಾಲ್ಯಬೆಕಿ ಹಸ್ತಪ್ರತಿಯದು. ನಗರವು ಬಿದ್ದು ದಶಕಗಳು ಕಳೆದ ಮೇಲೆ, 16ನೆಯ ಶತಮಾನದ ನಡುಭಾಗದಲ್ಲಿ, ಯುರೋಪಿನ ಕಾಗದದ ಮೇಲೆ ಇದನ್ನು ಬರೆದರು. ಚಿತ್ರದ ಶೈಲಿ ದೇಶೀಯ, ವಿವರಣೆ ಸ್ಪ್ಯಾನಿಷ್. ಇದಕ್ಕಿಂತಲೂ ದೂರವಾದುವು 1590ರಿಂದ ತೇವೊದೋರ್ ದ ಬ್ರಿ ಎಂಬ ಕೆತ್ತನೆಗಾರನೂ ಅವನ ಮಕ್ಕಳೂ ಪ್ರಕಟಿಸಿದ ಅಮೆರಿಕದ ಚಿತ್ರಗಳು. ದ ಬ್ರಿ ಸಮುದ್ರವನ್ನು ದಾಟಿ ಆ ಖಂಡವನ್ನು ಕಂಡವನೇ ಅಲ್ಲ. ಇತರರ ಬರಹವನ್ನೋದಿ ಕಲ್ಪಿಸಿದ ಚಿತ್ರವನ್ನು ಕಣ್ಣಾರೆ ಕಂಡವರ ಸಾಕ್ಷ್ಯದಂತೆ ಸ್ವೀಕರಿಸಲಾಗದು.

ಮೂರನೆಯದು ಪ್ಯಾರಿಸಿನಲ್ಲಿರುವ ಬೊರ್ಬೋನಿಕಸ್ ಹಸ್ತಪ್ರತಿ. ಮರದ ತೊಗಟೆಯಿಂದ ಮಾಡಿದ ಹಾಳೆಯನ್ನು ಮಡಿಕೆ ಮಡಿಕೆಯಾಗಿ ಜೋಡಿಸಿದ ಪುಸ್ತಕವಿದು. ಇದರ ಒಂದು ಪುಟದಲ್ಲಿ ಹೊಸ ಬೆಂಕಿಯ ಹಬ್ಬವಿದೆ. ನಮ್ಮಲ್ಲಿ 60 ಸಂವತ್ಸರಗಳ ಚಕ್ರವಿರುವಂತೆ ಅವರಲ್ಲಿ 52 ವರ್ಷಗಳ ಚಕ್ರವಿತ್ತು. ಚಕ್ರವು ಮುಗಿದ ರಾತ್ರಿ ಊರಿನ ಒಲೆಗಳೆಲ್ಲ ಆರುತ್ತಿದ್ದುವು. ಸೂರ್ಯನು ಮತ್ತೆ ಹುಟ್ಟುವನೋ ಇಲ್ಲವೋ ಎಂದು ಜನರು ಕಾಯುತ್ತಿದ್ದರು. ಗರ್ಭಿಣಿಯರನ್ನು ಕಣಜದೊಳಗಿರಿಸಿ ಕಾವಲಿಡುತ್ತಿದ್ದರು. ಮಲಗಿದ ಮಕ್ಕಳು ಇಲಿಗಳಾಗುವರೆಂದು ಹೆದರಿ ತಾಯಂದಿರು ಅವರನ್ನು ನಿದ್ರೆಗೆ ಬಿಡುತ್ತಿರಲಿಲ್ಲ. ಬೆಟ್ಟದ ಮೇಲೆ ಬಲಿಯ ಎದೆಯ ಮೇಲೆ ಕಡೆದ ಹೊಸ ಬೆಂಕಿಯನ್ನು ಮನೆಮನೆಗೂ ಒಯ್ಯುತ್ತಿದ್ದರು. ಕಡೆಯ ಬಾರಿ ಈ ಹಬ್ಬವು ನಡೆದದ್ದು 1507ರಲ್ಲಿ. ಭಯ, ಕ್ರೌರ್ಯ, ಮಕ್ಕಳ ಮೇಲಣ ಮಮತೆ ಇವೆಲ್ಲವೂ ಆ ಒಂದು ರಾತ್ರಿಯಲ್ಲಿ ಕೂಡಿದ್ದುವು.

ಇಷ್ಟೆಲ್ಲ ನಮಗೆ ತಿಳಿದುಬಂದುದು ಹೇಗೆ? ಇದರಲ್ಲಿ ಒಂದು ಶಾಲೆಯ ಪಾತ್ರ ಹಿರಿದು. 1536ರಲ್ಲಿ ತ್ಲಾತೆಲೋಲ್ಕೊ ಎಂಬಲ್ಲಿ ದೇಶೀಯ ಬಾಲಕರಿಗಾಗಿ ವಿದ್ಯಾಶಾಲೆಯೊಂದು ತೆರೆಯಿತು. ಅಲ್ಲಿ ಕಲಿತ ಅಂತೋನಿಯೋ ವಲೇರಿಯಾನೋ ಮೊದಲಾದವರು ಬೆರ್ನಾರ್ದಿನೋ ದ ಸಹಗೂನ್ ಎಂಬ ಪಾದ್ರಿಯೊಡನೆ ಊರ ಹಿರಿಯರನ್ನು ಕೇಳಿ, ಹಬ್ಬ ಹರಿದಿನ, ವೃತ್ತಿ, ಔಷಧಿ ಎಲ್ಲವನ್ನೂ ಬರೆದಿಟ್ಟರು. ಒಂದು ಸಾಲಿನಲ್ಲಿ ನಾವಾತ್ಲ್, ಇನ್ನೊಂದರಲ್ಲಿ ಸ್ಪ್ಯಾನಿಷ್, ಜೊತೆಗೆ ಎರಡು ಸಾವಿರಕ್ಕೂ ಮಿಕ್ಕ ಚಿತ್ರಗಳು: ಹೀಗೆ 12 ಭಾಗಗಳ ಮಹಾಗ್ರಂಥವು 1577ರಲ್ಲಿ ಸಿದ್ಧವಾಯಿತು. 1576ರಲ್ಲಿ ಭೀಕರವಾದ ಸಾಂಕ್ರಾಮಿಕವೊಂದು ಅಸಂಖ್ಯ ಜನರನ್ನು ಬಲಿತೆಗೆದುಕೊಂಡಿತು. ಬಣ್ಣಗಳೂ ದುರ್ಲಭವಾದುವು. ಕೊನೆಯ ಭಾಗದ ಚಿತ್ರಗಳಲ್ಲಿ ಹೆಚ್ಚಿನವು ಬರಿಯ ಕಪ್ಪು ಮಸಿಯಲ್ಲಿವೆ. ಆದರೂ ಅವರು ಬರೆಯುವುದನ್ನು ನಿಲ್ಲಿಸಲಿಲ್ಲ. ತಾಯ್ನುಡಿಯಲ್ಲಿ ಓದಿ ಬರೆಯಬಲ್ಲವರಿದ್ದುದರಿಂದ ಒಂದು ಜನಾಂಗದ ನೆನಪು ಉಳಿಯಿತೆಂಬುದನ್ನು ನಮ್ಮಂತಹ ಶಾಲೆಯ ಮಕ್ಕಳು ಮರೆಯಬಾರದು.

ಆ ಜನರು ಅಳಿದುಹೋದವರಲ್ಲ. 2020ರ ಜನಗಣತಿಯಂತೆ ಮೆಕ್ಸಿಕೋದಲ್ಲಿ ನಾವಾತ್ಲ್ ಆಡುವವರು 16 ಲಕ್ಷಕ್ಕೂ ಹೆಚ್ಚು. ನಮ್ಮ ಗೋಡೆಗೆ ಅಂದವೆನಿಸುವ ಪಟವು ಅವರ ಹಿರಿಯರ ಪೂಜೆಯ ಚಿತ್ರ. ಆದುದರಿಂದ ಅಂತಹ ಚಿತ್ರವನ್ನು ತೂಗುಹಾಕುವವರು ಅದರ ಕೆಳಗೆ ಹಸ್ತಪ್ರತಿಯ ಅಥವಾ ಶಿಲೆಯ ಹೆಸರು, ಅದರ ಕಾಲ, ಈಗಿರುವ ಸ್ಥಳ ಇವನ್ನು ಒಂದು ಸಾಲಿನಲ್ಲಿ ಬರೆದಿಡುವುದು ಲೇಸು. ಮಕ್ಕಳು ಇದೇನೆಂದು ಕೇಳುವರು. ತಂದೆತಾಯಿಗಳು ಆ ಕಥೆಯನ್ನು, ಅದರ ಕಠೋರವಾದ ಭಾಗವನ್ನೂ ಬಿಡದೆ, ವಯಸ್ಸಿಗೆ ತಕ್ಕಂತೆ ಹೇಳಲಿ. ಆಗ ಆ ಗೋಡೆಯೂ ಒಂದು ಪಾಠಶಾಲೆಯಾಗುವುದು.