ಆಸ್ತಿ ಹಕ್ಕು: ಗೊಂದಲದ ಪದಗಳು

1. ಸ್ವತ್ತು ವರ್ಗಾವಣೆ ಕಾಯ್ದೆ, 1882: ಕಲಂ 54 ಕ್ರಯ, 58 ಅಡಮಾನ, 105 ಗುತ್ತಿಗೆ, 122 ದಾನ.

2. ಕ್ರಯಪತ್ರ ≠ ಕ್ರಯದ ಕರಾರು. ಕರಾರಿನಿಂದಲೇ ಮಾಲೀಕತ್ವ ಬರುವುದಿಲ್ಲ. 100 ರೂ. ಅಥವಾ ಹೆಚ್ಚಿನ ಮೌಲ್ಯದ ಸ್ಥಿರಾಸ್ತಿಯ ಕ್ರಯಕ್ಕೆ ನೋಂದಣಿ ಕಡ್ಡಾಯ. ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮೂಲಕ ‘ಮಾರಾಟ’ವೂ ಹಕ್ಕು ಕೊಡದು (ಸೂರಜ್ ಲ್ಯಾಂಪ್ ತೀರ್ಪು, ಸುಪ್ರೀಂ ಕೋರ್ಟ್, 2011).

3. ನೋಂದಣಿ ಕಾಯ್ದೆ 1908: ಪತ್ರ ಹಾಜರುಪಡಿಸಲು 4 ತಿಂಗಳು. ಉಯಿಲಿಗೆ ನೋಂದಣಿ ಐಚ್ಛಿಕ.

4. ಅತಿ ಹೆಚ್ಚು ತಪ್ಪುವ ಅಂಶ: ಖಾತೆ ತೆರಿಗೆ ದಾಖಲೆ, ಪಹಣಿ ಕಂದಾಯ ದಾಖಲೆ, ಎರಡೂ ಹಕ್ಕುಪತ್ರವಲ್ಲ. ಪಹಣಿ ನಮೂದು ನಿಜವೆಂಬ ಪೂರ್ವಭಾವನೆ ಮಾತ್ರ (ಕರ್ನಾಟಕ ಭೂ ಕಂದಾಯ ಕಾಯ್ದೆ 1964, ಕಲಂ 133).

5. ಪ್ರತಿಕೂಲ ಸ್ವಾಧೀನ: ಖಾಸಗಿ ಜಮೀನಿಗೆ 12 ವರ್ಷ, ಸರ್ಕಾರಿ ಜಮೀನಿಗೆ 30.

6. ಆಸ್ತಿ ಹಕ್ಕು ಈಗ ಮೂಲಭೂತ ಹಕ್ಕಲ್ಲ: ಸಂವಿಧಾನದ 44ನೇ ತಿದ್ದುಪಡಿ 1978, ವಿಧಿ 300ಎ. 42ನೇ ತಿದ್ದುಪಡಿ ಎಂದು ಗುರುತಿಸಬೇಡಿ.