ಬೆನ್ನಿನ ಸ್ನಾಯು ಮತ್ತು ಮೂಳೆ ಸಾಂದ್ರತೆ

ಮೂಳೆ ತನ್ನ ಮೇಲೆ ಬೀಳುವ ಹೊರೆಗೆ ತಕ್ಕಂತೆ ರಚನೆ ಬದಲಿಸಿಕೊಳ್ಳುತ್ತದೆ ಎಂಬುದು ವೋಲ್ಫ್ ನಿಯಮ (ಜೂಲಿಯಸ್ ವೋಲ್ಫ್, ಜರ್ಮನಿ, 1892). ಮೂಳೆ ಕಟ್ಟುವವು ಆಸ್ಟಿಯೋಬ್ಲಾಸ್ಟ್ ಕೋಶಗಳು, ಕರಗಿಸುವವು ಆಸ್ಟಿಯೋಕ್ಲಾಸ್ಟ್ ಕೋಶಗಳು, ಅದಲುಬದಲು ಮಾಡಿಕೊಳ್ಳಬೇಡಿ. ಸ್ನಾಯುವಿನ ಎಳೆತ ತಗ್ಗಿದರೆ ಎರಡನೆಯದರ ಕೈ ಮೇಲಾಗುತ್ತದೆ. ಋತುಬಂಧದ ನಂತರ ಈಸ್ಟ್ರೋಜನ್ ಕುಸಿಯುವುದರಿಂದ ಮಹಿಳೆಯರಲ್ಲಿ ಈ ಮೂಳೆ ನಷ್ಟಕ್ಕೆ ಇನ್ನಷ್ಟು ವೇಗ.

ಮೂಳೆ ಸಾಂದ್ರತೆಯ ಅಳತೆ: ಡೆಕ್ಸಾ ಸ್ಕ್ಯಾನ್ (ಒಂದು ಬಗೆಯ ಎಕ್ಸ್-ರೇ). ಟಿ-ಸ್ಕೋರ್ (ಆರೋಗ್ಯವಂತ ಯುವ ವಯಸ್ಕರ ಸರಾಸರಿಗೆ ಹೋಲಿಸಿದ ಅಂಕ) −2.5 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಸವೆತ (ವಿಶ್ವ ಆರೋಗ್ಯ ಸಂಸ್ಥೆ, 1994).

ಇಲ್ಲಿ ಓದಲೇಬೇಕಾದದ್ದು ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಮೆಹರ್‌ಶೀದ್ ಸಿನಾಕಿ ತಂಡ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನ. ಋತುಬಂಧವಾದ 50 ಮಹಿಳೆಯರಲ್ಲಿ 27 ಮಂದಿ ಎರಡು ವರ್ಷ ಬೋರಲು ಮಲಗಿ, ಬೆನ್ನ ಮೇಲೆ ಭಾರ ಹೊತ್ತು ಎದೆಯೆತ್ತುವ ವ್ಯಾಯಾಮ ಮಾಡಿದರು. ಆ ಎರಡು ವರ್ಷಗಳ ಕೊನೆಗೆ ವ್ಯಾಯಾಮ ಮಾಡಿದ ಮತ್ತು ಮಾಡದ ಎರಡೂ ಗುಂಪಿನ ಮೂಳೆ ಸಾಂದ್ರತೆಯಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ. ಇಲ್ಲಿಗೇ ನಿಲ್ಲಿಸಿದ್ದರೆ ವ್ಯಾಯಾಮ ವ್ಯರ್ಥವೆಂದೇ ಅನ್ನಬೇಕಿತ್ತು. ಆದರೆ ಇನ್ನೂ ಎಂಟು ವರ್ಷ ಕಳೆದ ಮೇಲೆ ನೋಡಿದಾಗ, ವ್ಯಾಯಾಮ ಮಾಡದವರಲ್ಲಿ ಬೆನ್ನುಮೂಳೆ ಕುಸಿದು ಮುರಿಯುವ ಅಪಾಯ 2.7 ಪಟ್ಟು ಹೆಚ್ಚಿತ್ತು. ಸಾಂದ್ರತೆಯ ಅಂತರವೂ ಆಗ ಎದ್ದು ಕಂಡಿತು.

ಎಲ್ಲ ವ್ಯಾಯಾಮವೂ ಒಂದೇ ಅಲ್ಲ. ಸಿನಾಕಿ ಅವರದೇ 1984ರ ಅಧ್ಯಯನದ ಪ್ರಕಾರ, ಆಸ್ಟಿಯೋಪೊರೋಸಿಸ್ ಇರುವವರು ಬೆನ್ನು ಮುಂದಕ್ಕೆ ಬಾಗಿಸುವ ವ್ಯಾಯಾಮ ಮಾಡಿದಾಗ ಬೆನ್ನುಮೂಳೆ ಮುರಿತ ಹೆಚ್ಚಾಗಿತ್ತು. ಹಿಂದಕ್ಕೆ ಬಾಗಿಸಿದವರಲ್ಲಿ ಅದು ಬಹಳ ಕಡಿಮೆ.

ವಿಶ್ವ ಆಸ್ಟಿಯೋಪೊರೋಸಿಸ್ ದಿನ: ಅಕ್ಟೋಬರ್ 20.